ಹಿಂದಿನ ಸ್ಪೀಕರಿನ ಗರಗರ

ಎಪ್ಪತ್ತರ ದಶಕ ಮುಗಿಯಲು ಬಂದಿತ್ತು. ನಾನು ಸಂಶಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವ ಮಾಸ್ತರನಾಗಿದ್ದೆ. ಮದುವೆಯಾಗಿ ಆರು ತಿಂಗಳಾಗಿತ್ತು. ಮಾವನವರ ಊರು ಕುಬಿಹಾಳ. ಹತ್ತಿ, ಮೆಣಸಿನಕಾಯಿ ಬೆಳೆಯುವ ದೊಡ್ಡ ಒಕ್ಕಲು. ಹುಬ್ಬಳ್ಳಿಯ ವಕೀಲರೊಬ್ಬರ ಹಳೆಯ ಕಾರನ್ನು ಕೊಂಡು, ಅದಕ್ಕೆ ಟೇಪ್ ಕೂಡಿಸಿ, ಹಿಂದಿನ ಸೀಟಿನ ಬೆನ್ನ ಹಿಂದೆ, ಗಾಜಿನ ಕೆಳಗಿರುವ ತಗಡಿನಲ್ಲಿ ಎರಡು ಸ್ಪೀಕರ್ ಹಾಕಿಸಿದ್ದರು.

ಆ ಟೇಪಿನಲ್ಲಿ ವಚನಗಳ ಹೊರತು ಬೇರೇನನ್ನೂ ಹಾಕುವಂತಿರಲಿಲ್ಲ. ಮಾವನವರು ಚಟಗಳ ಕಡುವೈರಿ. ಮಠದಲ್ಲಿ ನಿಂತು ತಂಬಾಕಿನ ವಿರುದ್ಧ ಭಾಷಣ ಮಾಡುತ್ತಿದ್ದರು. ಅವರ ಕಾರಿನ ಸದ್ದು ಕೇಳಿದರೆ ಸಾಕು, ಆಳುಗಳು ಸೇದುತ್ತಿದ್ದ ಬೀಡಿಯನ್ನು ಹೊಲದೊಳಗೆ ಎಸೆಯುತ್ತಿದ್ದರು. ಒಣಗಿದ ಹತ್ತಿ ಹೊಲದಲ್ಲಿ ಅದು ಸೇದುವುದಕ್ಕಿಂತ ದೊಡ್ಡ ಅಪಾಯವೆಂದು ಮಾವನವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ರವಿವಾರ ಊಟಕ್ಕೆ ಹೋದಾಗ ನನ್ನನ್ನು ನೇರವಾಗಿ ಕಾರಿನ ಬಳಿಗೆ ಕರೆದೊಯ್ದರು.

"ಅಳಿಯಾರ, ಹಿಂದಿನ ಸ್ಪೀಕರ್ ಗರಗರಾ ಅಂತಾವು. ನೀವು ಬಿ.ಎಸ್ಸಿ. ಓದಿದವರು, ಒಂದೀಟು ನೋಡ್ರಿ."

ನಾನು ಓದಿದ್ದು ಸಸ್ಯಶಾಸ್ತ್ರ. ಹೊಸ ಅಳಿಯ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? "ನೋಡೂಣ್ರಿ" ಎಂದು ಡಿಕ್ಕಿಯೊಳಗೆ ತಲೆ ತೂರಿಸಿದೆ. ಸ್ಪೀಕರುಗಳ ಸ್ಕ್ರೂ ಸಡಿಲವಾಗಿದ್ದವು. ಬಿಗಿ ಮಾಡಿ, ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ತಗಡಿಗೂ ಸ್ಪೀಕರಿಗೂ ನಡುವೆ ರಬ್ಬರು ಕೊಟ್ಟೆ. ಗರಗರ ಅರ್ಧ ಕಡಿಮೆಯಾಯಿತು. ಉಳಿದ ಅರ್ಧ ಮಾತ್ರ ಹಟಮಾರಿ. ತಬಲಾದವನು ದಪ್ಪ ದನಿಯ ಡಗ್ಗಾದ ಮೇಲೆ ಕೈಯಿಟ್ಟಾಗಲೆಲ್ಲ ಬಲಬದಿಯಿಂದ ತಗಡು ನಡುಗಿದಂತಹ ಸದ್ದು.

ಮುಂದಿನ ರವಿವಾರ ಎರಡೂ ಸ್ಪೀಕರ್ ಬಿಚ್ಚಿದೆ. ಸದ್ದು ಹೊರಡಿಸುವ ಒಳಗಿನ ಕಾಗದ ಹರಿದಿರಲಿಲ್ಲ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದೆ. ಸದ್ದು ಬಲಬದಿಯಲ್ಲೇ ಉಳಿಯಿತು. ಅಂದರೆ ತಪ್ಪು ಸ್ಪೀಕರಿನದಲ್ಲ. ಇಷ್ಟನ್ನು ನಾನು ಬಹಳ ಹೆಮ್ಮೆಯಿಂದ ವಿವರಿಸಿದಾಗ ಮಾವನವರು, "ಹಂಗಾದ್ರ ಎಮ್.ಎಸ್ಸಿ. ಮಾಡಬೇಕಾಗಿತ್ತೇನ್ರಿ?" ಎಂದರು.

ಅಷ್ಟರಲ್ಲಿ ಅತ್ತೆಯವರು ಬಸುರಿಯಾಗಿದ್ದ ತಂಗಿಯ ಮಗಳ ಕುಬಸಕ್ಕೆಂದು ಬಸ್ಸಿನಲ್ಲಿ ತಂಬೂರಕ್ಕೆ ಹೋದರು. ಆ ವಾರವಿಡೀ ಸ್ಪೀಕರುಗಳು ಅಗದಿ ಸ್ವಚ್ಛವಾಗಿ ಹಾಡಿದವು. ಮಾವನವರು ನನ್ನ ಬೆನ್ನು ತಟ್ಟಿದರು. ನಾನೂ ತಟ್ಟಿಸಿಕೊಂಡೆ. ಅತ್ತೆಯವರು ತಿರುಗಿ ಬಂದ ಮರುದಿನ ಮೂವರೂ ಕುಂದಗೋಳಕ್ಕೆ ಹೊರಟೆವು. ಮಾವನವರು ಗಾಡಿ ಹೊಡೆಯುತ್ತಿದ್ದರು, ಪಕ್ಕದಲ್ಲಿ ನಾನು, ಹಿಂದೆ ಅತ್ತೆಯವರು. ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗರ್‍ರ್! ಹೊರಳಿ ನೋಡಿದೆ. ಅತ್ತೆಯವರು ಎರಡು ಸಲ ಸೀನಿ, "ಈ ಧೂಳು ನನಗ ಆಗಿಬರೂದಿಲ್ಲ" ಎಂದು, ಏನೂ ಇಲ್ಲದ ಕರಿ ಹೊಲವನ್ನು ಬಹಳ ಲಕ್ಷ್ಯಗೊಟ್ಟು ನೋಡತೊಡಗಿದರು. ಹಿಂದಿನ ರಾತ್ರಿ ಮಳೆಯಾಗಿತ್ತು. ರಸ್ತೆಯಲ್ಲಿ ಧೂಳಿನ ಕಣವೂ ಇರಲಿಲ್ಲ.

ಮರಳಿ ಬಂದ ಮೇಲೆ ಮಾವನವರು ಹೊಲಕ್ಕೆ ಹೋದರು. ನಾನು ಹಿಂದಿನ ಸೀಟಿನ ಬೆನ್ನಿನ ಸಂದಿಯಲ್ಲಿ ಕೈ ಹಾಕಿದೆ. ಬಲಗಡೆ, ಸ್ಪೀಕರಿನ ಕೆಳಗೇ, ಪುಟ್ಟ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ನಶ್ಯ. ನನಗೂ ಸೀನು ಬಂತು.

ತಲೆಯೆತ್ತಿದಾಗ ಅತ್ತೆಯವರು ಕಾರಿನ ಬಾಗಿಲಲ್ಲಿ ನಿಂತಿದ್ದರು.

"ಅದು ನಂದ್ರಿ."

"ಗಾಡ್ಯಾಗ ಯಾಕ ಇಟ್ಟೀರಿ?"

"ಮನ್ಯಾಗ ಎಲ್ಲಿ ಇಟ್ರೂ ಅವರ ಕೈಗೆ ಸಿಗತೈತ್ರಿ. ಗಾಡಿ ಹಿಂದಿನ ಸೀಟಿನ್ಯಾಗ ಅವರು ಎಂದೂ ಕೂಡೂದಿಲ್ಲ. ತಂಬೂರಕ್ಕ ಹೋಗೂಮುಂದ ಸಂಗಡ ಒಯ್ದಿದ್ದೆ." ಸೆರಗಿನಿಂದ ಮೂಗೊರೆಸಿಕೊಂಡು, "ಮದವಿಗಿಂತ ಮೊದಲಿಂದ ಐತ್ರಿ ಈ ತಪಕೀರದ ಚಟಾ. ಬಿಡಾಕ ನೋಡೀನಿ, ಆಗಿಲ್ಲ. ಅವರಿಗೆ ಹೇಳ್ತೀರೇನು?" ಎಂದು ಕೇಳಿದರು.

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ನಿನ್ನೆ ಮೊನ್ನೆ ಬಂದ ಅಳಿಯನ ಮುಂದೆ ಹಾಗೆ ನಿಂತದ್ದು ನನಗೆ ಹಿಡಿಸಲಿಲ್ಲ.

"ಸ್ಪೀಕರಿನ ವೈರ್ ತಗಡಿಗೆ ಬಡೀತಿತ್ತು ಅಂತೀನ್ರಿ. ಈಗ ಒಂದೀಟು ಹತ್ತಿ ತರ್‍ರಿ."

ಆ ಮನೆಯಲ್ಲಿ ಹತ್ತಿಗೇನು ಬರ? ಒಂದು ಮಡಿಲು ತಂದರು. ಡಬ್ಬಿಗೆ ಹತ್ತಿ ಸುತ್ತಿ, ಮೇಲೆ ಅರಿವೆ ಬಿಗಿದು, ಅದೇ ಸಂದಿಯಲ್ಲಿ ಮೆತ್ತಗೆ ಕೂಡಿಸಿದೆ. ಟೇಪ್ ಹಚ್ಚಿದೆ. ಡಗ್ಗಾ ತುಂಬು ದನಿಯಲ್ಲಿ ನುಡಿಯಿತು. ಅಂದಿನ ಊಟದಲ್ಲಿ ನನ್ನ ಹೋಳಿಗೆಯ ಮೇಲೆ ತುಪ್ಪ ನಿಲ್ಲಲಾರದೆ ಹರಿಯಿತು.

ಮಾವನವರು ಊರೆಲ್ಲ ಸಾರಿದರು. ತಿಂಗಳೊಳಗೆ ಸಂಶಿಯ ಕಿರಾಣಿ ವ್ಯಾಪಾರಿಯೊಬ್ಬರು ತಮ್ಮ ಕಾರನ್ನು ನಾನಿದ್ದ ಮನೆಯ ಮುಂದೆ ತಂದು ನಿಲ್ಲಿಸಿದರು. ಅವರದೂ ಗರಗರವೇ. ನಾನು ಅನುಭವಸ್ಥನಂತೆ ಮೊದಲು ಸೀಟಿನ ಸಂದಿ ತಡಕಿದೆ. ಒಂದು ಬಾಚಣಿಗೆ, ಎರಡು ಇಡೀ ಅಡಿಕೆ ಸಿಕ್ಕವು. ಕೊನೆಗೆ ಸ್ಪೀಕರ್ ಬಿಚ್ಚಿದರೆ ಒಳಗಿನ ಕಾಗದ ನಿಜವಾಗಿಯೂ ಹರಿದಿತ್ತು. ಮಕ್ಕಳ ನೋಟುಪುಸ್ತಕಕ್ಕೆ ಹಚ್ಚುವ ಅಂಟಿನಿಂದ ತೆಳ್ಳಗಿನ ಕಾಗದ ಅಂಟಿಸಿ ಕೊಟ್ಟೆ. ಮೂರು ದಿನ ಹಾಡಿ, ನಾಲ್ಕನೆಯ ದಿನ ಅದು ಮೊದಲಿಗಿಂತ ಜೋರಾಗಿ ಗರಗುಟ್ಟಿತು.

ಅವರು ದೂರು ಹೊತ್ತು ಕುಬಿಹಾಳಕ್ಕೇ ಹೋದರಂತೆ. ಮಾವನವರು ಶಾಂತವಾಗಿ ಕೇಳಿದರಂತೆ: "ಅದರಾಗ ಏನು ಹಾಕತೀರಿ?"

"ಸಿನಿಮಾ ಹಾಡು."

"ಮತ್ತ? ಅಳಿಯಾರು ಏನು ಮಾಡ್ಯಾರು? ವಚನಾ ಹಾಕಿ ನೋಡ್ರಿ."

ಈ ವಿವರಣೆಯನ್ನು ಮಾವನವರೇ ನನಗೆ ಹೇಳಿ, ವಿಜ್ಞಾನದ ಒಪ್ಪಿಗೆಗಾಗಿ ನನ್ನ ಮುಖ ನೋಡಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.