ಮಂಡಿನೋವಿನ ಹೆಸರಲ್ಲಿ ಗಿಟಾರು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ವೈದ್ಯರ ಬಿಳಿ ಕೋಟುಗಳಿಗೆ, ವಾರ್ಡಿನ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಲೇ ಅವಳ ತಲೆ ನರೆತಿತ್ತು. ಆ ಬೇಸಿಗೆಯಲ್ಲಿ ರೋಗಿಯೊಬ್ಬಳ ಅಣ್ಣ, ಮೇಲಿನ ವಾರ್ಡಿನಲ್ಲಿದ್ದ ತಂಗಿಗೆ ಕೇಳಿಸಲಿ ಎಂದು, ಸಂಜೆಹೊತ್ತು ಹಿಂಬದಿಯ ಮೆಟ್ಟಿಲ ಮೇಲೆ ಕೂತು ಗಿಟಾರು ನುಡಿಸುತ್ತಿದ್ದ. ನೆಲಮಾಳಿಗೆಯ ಕಿಟಕಿ ಅವನ ಚಪ್ಪಲಿಯ ಮಟ್ಟಕ್ಕಿತ್ತು. ಕೇಳುತ್ತ ಮೈಮರೆತ ಇಸ್ತ್ರಿ ಅಕ್ಕ ಒಂದು ಕೋಟಿನ ಬೆನ್ನನ್ನೇ ಸುಟ್ಟುಬಿಟ್ಟಳು. ಇಷ್ಟು ವರ್ಷದ ಕೆಲಸದಲ್ಲಿ ಹಾಗೆ ಆಗಿದ್ದು ಅದೇ ಮೊದಲು.

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ, "ನಂಗೂ ಗಿಟಾರ್ ಕಲೀಬೇಕು ಅನ್ನಿಸ್ತಿದೆ ಕಣ್ರೀ" ಎಂದಳು.

ಗಂಡ ಶಾಲೆಯ ವ್ಯಾನ್ ಓಡಿಸುವವನು, ಮಾತಿನಲ್ಲಿ ಚುರುಕು. "ಅದಕ್ಕೇನು, ನಿನ್ನ ಇಸ್ತ್ರಿಪೆಟ್ಟಿಗೆಗೇ ನಾಲ್ಕು ತಂತಿ ಕಟ್ಟಿಸಿಕೊಡ್ತೀನಿ ಬಿಡು" ಎಂದ. ನೋಡಿಹೋಗಲು ಬಂದಿದ್ದ ಮಗಳೂ ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ತಟ್ಟೆ ತೊಳೆಯುವಾಗ ಮಾತ್ರ ಕಿವಿ ಬಿಸಿಯಾಗಿತ್ತು.

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಗಿಟಾರು ಪಾಠ ನಡೆಯುತ್ತದೆಂದು ತಿಳಿದಾಗ ಅವಳು ಮನೆಯಲ್ಲಿ ಬೇರೆಯೇ ಹೇಳಿದಳು: "ಮಂಡಿ ತುಂಬಾ ನೋಯ್ತಿದೆ. ಶನಿವಾರ ಕೆಲಸ ಮುಗಿಸಿ ನಮ್ಮ ಆಸ್ಪತ್ರೇಲೇ ಫಿಸಿಯೋಥೆರಪಿಗೆ ಹೋಗಿ ಬರ್ತೀನಿ." ದಿನವಿಡೀ ನಿಂತು ಕೆಲಸ ಮಾಡುವವಳ ಮಂಡಿಯ ಮೇಲೆ ಯಾರಿಗೆ ಅನುಮಾನ?

ಪಾಠಕ್ಕೆ ಬರುವವರೆಲ್ಲ ಶಾಲೆಯ ಮಕ್ಕಳು. ಮೊದಲ ದಿನ ಮೇಷ್ಟ್ರು, ಅವಳ ಮಗಳಿಗಿಂತ ಚಿಕ್ಕವನು, "ಮೊಮ್ಮಕ್ಕಳನ್ನ ಬಿಡೋಕೆ ಬಂದ್ರಾ ಅಮ್ಮ?" ಎಂದು ಕೇಳಿದ. "ಇಲ್ಲ, ನಾನೇ" ಎನ್ನುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ತಂತಿ ಒತ್ತಿ ಒತ್ತಿ ಮಕ್ಕಳು ಉರಿಯುವ ಬೆರಳ ತುದಿಗೆ ಬಾಯಿಂದ ಗಾಳಿ ಊದಿಕೊಳ್ಳುತ್ತಿದ್ದರು. ಇಸ್ತ್ರಿಯ ಕಾವಿಗೆ ದಪ್ಪಗಟ್ಟಿದ್ದ ಅವಳ ಬೆರಳಿಗೆ ನೋವು ಗೊತ್ತಾಗುತ್ತಿರಲಿಲ್ಲ. ಆದರೆ ಅವು ಬಾಗುತ್ತಲೂ ಇರಲಿಲ್ಲ. ಒಂದು ತಂತಿ ಒತ್ತಿದರೆ ಪಕ್ಕದ್ದೂ ಅದುಮಿಕೊಂಡು, ಮುಚ್ಚಿದ ಬಾಗಿಲು ತಟ್ಟಿದಂಥ ಸದ್ದು ಬರುತ್ತಿತ್ತು. ಮಕ್ಕಳು ಎರಡನೆಯ ಹಾಡಿಗೆ ಹೋದರೂ ಅವಳು ಮೊದಲನೆಯದರಲ್ಲೇ ತಡಕಾಡುತ್ತಿದ್ದಳು.

ಇದೆಲ್ಲ ಸಹಿಸಬಹುದಾಗಿತ್ತು. ಸಹಿಸಲಾಗದ್ದು ಮನೆಗೆ ಬಂದ ಮೇಲಿನದು. ಪ್ರತಿ ಶನಿವಾರ ಗಂಡ ಎಣ್ಣೆ ಬೆಚ್ಚಗೆ ಮಾಡಿ, ನೆಲದ ಮೇಲೆ ಕೂತು, ಅವಳ ಮಂಡಿ ತಿಕ್ಕುತ್ತಿದ್ದ. "ಜೋರಾಯ್ತಾ?" ಎಂದು ಕೇಳುತ್ತಿದ್ದ. ನಂಬಿಕೆ ಬರಲೆಂದು ಅವಳು ಒಮ್ಮೊಮ್ಮೆ "ಅಮ್ಮಾ" ಎಂದು ನರಳುತ್ತಲೂ ಇದ್ದಳು. ಬಗ್ಗಿದ ಅವನ ಬೋಳು ನೆತ್ತಿಯನ್ನು ನೋಡಲಾಗದೆ ಕಿಟಕಿಯತ್ತ ಮುಖ ತಿರುಗಿಸುತ್ತಿದ್ದಳು.

ಒಂದು ಶನಿವಾರ ಎಣ್ಣೆ ಹಚ್ಚುತ್ತ ಅವನು ಕೇಳಿದ. "ಇವತ್ತು ಏನು ಮಾಡಿಸಿದ್ರು?"

"ಕರೆಂಟ್ ಕೊಟ್ರು. ಆಮೇಲೆ ಕಾಲು ಮಡಿಸಿ ಬಿಡಿಸಿ ಮಾಡಿಸಿದ್ರು."

"ಪಕ್ಕದಲ್ಲಿ ಕೂರೋ ಹುಡುಗಿಗೂ ಮಂಡಿನೋವೇನಾ?"

"ಯಾವ ಹುಡುಗಿ?"

"ನನ್ನ ವ್ಯಾನಲ್ಲಿ ಬರೋಳು. ನಿನ್ನೆ ಅವರಮ್ಮ ಸಿಕ್ಕಿದ್ರು. 'ನಿಮ್ಮ ಮನೆಯವ್ರು ನಮ್ಮ ಮಗಳ ಜೊತೆ ಗಿಟಾರ್ ಕಲೀತಾರಂತೆ, ಈ ವಯಸ್ಸಲ್ಲೂ ಎಂಥಾ ಉತ್ಸಾಹ' ಅಂದ್ರು. ನಾನೂ ಎಲ್ಲಾ ಗೊತ್ತಿರೋನ ಥರ ಹೂಂ ಹೂಂ ಅಂತ ತಲೆ ಆಡಿಸಿ ಬಂದೆ." ಅವನ ಕೈ ಇನ್ನೂ ನಿಂತಿರಲಿಲ್ಲ.

ಅವಳು ಸರಕ್ಕನೆ ಕಾಲು ಎಳೆದುಕೊಂಡಳು. ನೆಲ ಬಾಯಿಬಿಟ್ಟು ನುಂಗಿದರೆ ಸಾಕೆನ್ನಿಸಿತು.

"ನಿನ್ನೆಯೇ ಗೊತ್ತಾಗಿದ್ರೆ ಇವತ್ತು ಎಣ್ಣೆ ಯಾಕೆ ಕಾಯಿಸಿದ್ರಿ?"

"ನೀನಾಗೇ ಹೇಳ್ತೀಯೇನೋ ಅಂತ."

"ನೀವು ನಗ್ತೀರಿ ಅಂತ ಹೇಳ್ಲಿಲ್ಲ ರೀ..."

ಅವನು ಕೈಗಂಟಿದ ಎಣ್ಣೆಯನ್ನು ಒರೆಸಿಕೊಂಡ. "ನಗ್ತಿದ್ದೆ, ಅದೂ ನಿಜ" ಎಂದು ಸೀಸೆಯ ಮುಚ್ಚಳ ಬಿಗಿಮಾಡಿ ಎದ್ದುಹೋದ. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ.

ಮುಂದಿನ ಶನಿವಾರ ಅವಳು ಪಾಠಕ್ಕೆ ಹೋಗದೆ ನೇರ ಮನೆಗೆ ಬಂದಳು. ಹೊರಗೆ ವ್ಯಾನಿನ ಹಾರ್ನ್ ಕೂಗಿತು. "ಬಾ, ಹತ್ತು" ಎಂದ ಗಂಡ. "ಜನರ ಮುಂದೆ ತಲೆ ಆಡಿಸಿ ಆಗಿದೆ. ಈಗ ನೀನು ಬಿಟ್ರೆ ನಾನು ಸುಳ್ಳ ಆಗ್ತೀನಿ." ಅವಳು ಮಕ್ಕಳ ಪುಟ್ಟ ಸೀಟಿನಲ್ಲಿ ಮುದುರಿ ಕೂತಳು.

ಮೇಷ್ಟ್ರು ಮನೆಯಲ್ಲಿ ಅಭ್ಯಾಸಕ್ಕೆಂದು ಹಳೆಯ ಗಿಟಾರೊಂದನ್ನು ಕೊಟ್ಟಾಗ, ಗಂಡ "ಎಲ್ಲಿ, ಒಂದು ಸಲ ಕೇಳಿಸು" ಎಂದ. ಹಾಡು ನಡುವೆ ಎಲ್ಲೆಲ್ಲೋ ನಿಂತಿತು. ಅವನು ತುಟಿ ಬಿಗಿದುಕೊಂಡು ಕೂತಿದ್ದ.

"ನಗೋದಿದ್ರೆ ನಕ್ಕುಬಿಡಿ" ಎಂದಳು ಸಿಡಿಮಿಡಿಗೊಂಡು.

"ನಗು ಎಲ್ಲಿಂದ ಬರಬೇಕು? ಎಲ್ಲಿ ನಿಲ್ಲಿಸಿಬಿಡ್ತೀಯೋ ಅಂತ ನನಗೇ ಬೆವರು ಕಿತ್ತುಕೊಂಡಿತ್ತು."

ಆ ಚಳಿಗಾಲದಲ್ಲಿ ಅವಳ ಎಡ ಮಂಡಿ ನಿಜವಾಗಿಯೂ ಹಿಡಿದುಕೊಂಡಿತು. ಗಂಡನಿಗೆ ಹೇಳಲು ಬಾಯಿ ಬರಲಿಲ್ಲ. ಮಗಳಿಗೆ ಹೇಳಿ, ಅವಳನ್ನು ಜೊತೆಗೆ ಕರೆದುಕೊಂಡು ವೈದ್ಯರ ಹತ್ತಿರ ಹೋದಳು. ಅವನಿಗೆ ವಿಷಯ ಮಗಳಿಂದಲೇ ತಿಳಿಯಿತು. ಮೇಲಿನ ಕಪಾಟಿನಲ್ಲಿದ್ದ ಭಾರದ ಪಾತ್ರೆಗಳನ್ನೆಲ್ಲ ಕೈಗೆಟಕುವಂತೆ ಕೆಳಗಿಟ್ಟ, ಅಷ್ಟೇ.

ಗಿಟಾರು ಈಗ ಅವಳಿಗೆ ಒಂದಿಷ್ಟು ಒಲಿದಿದೆ. ಒಂದು ಹಾಡನ್ನು ಎಡವುತ್ತಲಾದರೂ ಕೊನೆ ಮುಟ್ಟಿಸುತ್ತಾಳೆ. ಗಂಡ ಮನೆಯಲ್ಲಿದ್ದರೆ ಮಾತ್ರ ಗೋಡೆಯ ಕಡೆ ತಿರುಗಿ ಕೂತು ನುಡಿಸುತ್ತಾಳೆ. ಯಾಕಮ್ಮಾ ಎಂದು ಮಗಳು ಕೇಳಿದರೆ, ಆ ಕಡೆ ಬೆಳಕು ಚೆನ್ನಾಗಿದೆ ಎನ್ನುತ್ತಾಳೆ.