ಮಾಳಪ್ಪನಿಗೆ ಆರಿಸಿದ ಫಿನ್ಸ್

ಅವತ್ತು ಮುಂಜಾನೆ ಜಾಕ್‌ವೆಲ್ಲಿನ ಕಟ್ಟೆಯ ಮೇಲೆ ನಾವು ನಾಲ್ವರಿದ್ದೆವು. ನೀರು ಸರಬರಾಜಿನ ಸಹಾಯಕ ಇಂಜಿನಿಯರ್ ಆಗಿದ್ದ ನಾನು, ಪಂಪ್ ಆಪರೇಟರ್ ಶಫಿ ಭಾಯ್, ನೀರಿಗೆ ಇಳಿಯಬೇಕಾಗಿದ್ದ ಮಾಳಪ್ಪ, ಮತ್ತು ಬರಬೇಡವೆಂದರೂ ಬಂದು ಕುಂತಿದ್ದ ಅವನ ತಂದೆ ಬೀರಪ್ಪ. ಆಚೆ ಅಗ್ನಿಶಾಮಕದವರು ಇಬ್ಬರು ಗಾಳಿ ತುಂಬಿದ ಟ್ಯೂಬು ಹಿಡಿದು ನಿಂತಿದ್ದರು. ಅವರಿಗೆ ಈಜು ಬರುತ್ತಿತ್ತು, ಆಳಕ್ಕೆ ಮುಳುಗಿ ಕೆಲಸ ಮಾಡುವುದು ಬರುತ್ತಿರಲಿಲ್ಲ. ಇಡೀ ಔರಾದ ತಾಲ್ಲೂಕಿನಲ್ಲಿ ಅದು ಬರುತ್ತಿದ್ದದ್ದು ಮಾಳಪ್ಪನಿಗೆ ಒಬ್ಬನಿಗೇ.

ಮಳೆ ಕೈಕೊಟ್ಟ ಎರಡನೇ ವರ್ಷವದು. ಕಮಲನಗರ ಆಗಿನ್ನೂ ತಾಲ್ಲೂಕು ಆಗಿರಲಿಲ್ಲ. ಸಂತಪುರದಲ್ಲಿ ಬಸ್ ನಿಂತರೆ ಇಳಿಯುವವರಿಗಿಂತ ಹತ್ತುವವರೇ ಹೆಚ್ಚು, ಹತ್ತುವವರ ಕೈಯಲ್ಲಿ ಹಾಸಿಗೆ, ಪಾತ್ರೆ, ಸ್ಟೋವು. ಸಂತಪುರಕ್ಕೂ ಸುತ್ತಲಿನ ಹಳ್ಳಿಗಳಿಗೂ ನಮ್ಮ ಕೆರೆಯ ನೀರೇ ಗತಿ. ಜಾಕ್‌ವೆಲ್ ಅಂದರೆ ಕೆರೆಯೊಳಗೆ ಎತ್ತರಕ್ಕೆ ಕಟ್ಟಿದ ಬಾವಿ. ಅದರ ಗೋಡೆಯಲ್ಲಿ ಒಂದರ ಕೆಳಗೊಂದು ಗೇಟುಗಳು. ಯಾವ ಮಟ್ಟದಲ್ಲಿ ನೀರಿದೆಯೋ ಆ ಗೇಟು ತೆರೆದರೆ ನೀರು ಒಳಗೆ ಬರುತ್ತದೆ, ಪಂಪು ಎತ್ತಿ ಊರಿಗೆ ಕಳಿಸುತ್ತದೆ. ಮೇಲಿನ ಗೇಟು ಬಯಲಿಗೆ ಬಿದ್ದು ಬಹಳ ದಿನವಾಗಿತ್ತು, ನಡುವಿನದೂ ಗಾಳಿ ಎಳೆಯತೊಡಗಿತ್ತು. ಕೆಳಗಿನ ಗೇಟನ್ನು ತೆರೆಯಲು ಕಟ್ಟೆಯ ಮೇಲಿದ್ದ ಚಕ್ರಕ್ಕೆ ಶಫಿ ಭಾಯ್ ಜೋತುಬಿದ್ದರೂ ಅದು ಅಲುಗಲಿಲ್ಲ. ಹೂಳು ಕಟ್ಟಿ, ಜಾಲಿಮುಳ್ಳಿನ ಟೊಂಗೆಗಳು ಸಿಕ್ಕಿಕೊಂಡಿದ್ದವು. ಕೆಳಗೆ ನೀರಿದೆ, ನಲ್ಲಿಗೆ ಬರುವುದಿಲ್ಲ ಅನ್ನುವಂಥ ಪರಿಸ್ಥಿತಿ. ಕರಾವಳಿಯ ಡೈವರ್‌ಗಳನ್ನು ಕೇಳಿದರೆ ಕಾಯಿರಿ ಅಂದರು. ಕಾಯುವಷ್ಟು ನೀರು ನಮ್ಮಲ್ಲಿರಲಿಲ್ಲ.

ಮಾಳಪ್ಪನ ಸುದ್ದಿ ತಂದವನು ಶಫಿ ಭಾಯ್. ಕುರಿ ಸಾಕುವ ಮನೆತನದವನು, ಹಿಂದೊಂದು ಬರದಲ್ಲಿ ಮುಂಬೈಗೆ ಹೋಗಿ ಬಂದರಿನಲ್ಲಿ ಹಗ್ಗ ಎಳೆಯುವ ಕೆಲಸಕ್ಕೆ ಸೇರಿ, ಮೆಲ್ಲಗೆ ಡೈವರ್ ಆಗಿದ್ದ. ಈಗ ಬಂದದ್ದು ಹೆಂಡತಿ, ಮಗಳು, ತಂದೆಯನ್ನು ಕರೆದುಕೊಂಡು ಹೋಗಲಿಕ್ಕೆ. ನಲ್ಲಿ ನಿಂತರೆ ಮನೆ ಮುಚ್ಚುವುದೇ ಎಂದು ಅವನು. ಕುರಿ ಬಿಟ್ಟು ತಾನು ಬರುವವನಲ್ಲ ಎಂದು ಬೀರಪ್ಪ. ನಾನು ಹೋಗಿ ಗೇಟಿನ ವಿಷಯ ಹೇಳಿದೆ. ಮಾಳಪ್ಪ ಒಪ್ಪಿದ.

"ಇಳೀತೇನ್ರಿ ಸಾಹೇಬ್ರ. ಗೇಟು ತೆರೀತಂದ್ರ ಇವರು ಇಲ್ಲೇ ಇರ್ತಾರ, ನಾ ಒಬ್ಬನೇ ಹೋಗ್ತೇನಿ. ಆದ್ರ ಸಾಮಾನು ಬರೋಬ್ಬರಿ ಇರ್ಬೇಕು ನೋಡ್ರಿ."

ಅವನ ಸಾಮಾನೆಲ್ಲ ಮುಂಬೈಯ ಗುತ್ತಿಗೆದಾರನ ಬಳಿ ಇತ್ತು. ಹೈದರಾಬಾದಿನ ಒಂದು ಅಂಗಡಿಯವರು ಗಾಳಿ ಸಿಲಿಂಡರು, ಮುಖವಾಡ ಎಲ್ಲ ಬಾಡಿಗೆಗೆ ಕೊಡಲು ಒಪ್ಪಿದರು. ಫಿನ್ಸ್ ಮಾತ್ರ ಹೊಸದು ಕೊಳ್ಳಬೇಕು ಎಂದರು. ಫಿನ್ಸ್ ಅಂದರೆ ಕಾಲಿಗೆ ಹಾಕುವ ರಬ್ಬರಿನ ಉದ್ದ ಹಲಗೆ, ಬಾತುಕೋಳಿಯ ಪಾದದಂತೆ. ಡೈವರ್‌ನ ಕೈ ಎರಡೂ ಕೆಲಸದಲ್ಲಿರುವಾಗ ಅವನನ್ನು ಹೂಳಿನಿಂದ ಮೇಲೆ ಎತ್ತಿ ಹಿಡಿಯುವುದು ಅದೇ. ಕಾಲು ಒಮ್ಮೆ ಹೂಳಿಗೆ ತಾಗಿತೋ, ರಾಡಿ ಎದ್ದು ತನ್ನ ಕೈಯೇ ತನಗೆ ಕಾಣುವುದಿಲ್ಲ.

ಬೀದರ ಬಸ್ ನಿಲ್ದಾಣಕ್ಕೆ ಎರಡು ಬಗೆ ಬಂದವು, ಬೇಡವಾದದ್ದನ್ನು ವಾಪಸು ಕಳಿಸಬೇಕು. ಒಂದು ಬೂಟಿನಂತೆ ಇಡೀ ಪಾದ ತೂರಿಸುವಂಥದು, ಹಗುರ, ಬಿದ್ದರೆ ನೀರಿನ ಮೇಲೆ ತೇಲುತ್ತದೆ. ಇನ್ನೊಂದು ದಪ್ಪ, ಭಾರ, ಹಿಮ್ಮಡಿಗೆ ಪಟ್ಟಿ ಕಟ್ಟುವಂಥದು. ಪಟ್ಟಿಯದರ ಒಳಗೆ ಹಾಕುವ ರಬ್ಬರಿನ ಬೂಟು ಬಂದಿರಲಿಲ್ಲ. ಭಾಲ್ಕಿಯ ಹೊರಗೆ ಪರಿಚಯದವರ ಹೊಲದ ಬಾವಿಯಲ್ಲಿ ಇನ್ನೂ ಆಳ ನೀರಿತ್ತು. ಅಲ್ಲಿ ಎರಡನ್ನೂ ಹಾಕಿ ನೋಡಿದೆವು. ಪಟ್ಟಿಯದು ಬರಿಗಾಲಿಗೆ ಲೊಡಲೊಡ ಅಂತು. ತೂರಿಸುವಂಥದು ಚರ್ಮದಂತೆ ಕೂತಿತು. ಕುರಿಯ ಹಿಂದೆ ಬರಿಗಾಲಲ್ಲಿ ತಿರುಗಿ ಅಗಲವಾಗಿದ್ದ ಅವನ ಪಾದಕ್ಕೆ ಕಿರುಬೆರಳ ಹತ್ತಿರ ಸ್ವಲ್ಪ ಬಿಗಿ, ಅಷ್ಟೇ. ಬಾವಿಯ ಒಡೆಯರು ಮೇಲಿಂದ ನೋಡಿ, ಇಷ್ಟು ನಾಜೂಕು ನಮ್ಮ ಮಗಳ ಲಗ್ನದ ಚಪ್ಪಲಿಗೂ ಮಾಡಿರಲಿಲ್ಲ ಎಂದು ನಕ್ಕರು. ತೂರಿಸುವಂಥದನ್ನೇ ಆರಿಸಿದೆವು. ಹಾಕಿ ರೂಢಿ ಮಾಡಿಕೊಳ್ಳುತ್ತೇನೆಂದು ಮಾಳಪ್ಪ ಅದನ್ನು ಮನೆಗೆ ಒಯ್ದ. ಪಟ್ಟಿಯದು ಪಾರ್ಸಲ್ ಮಾಡಲು ಹೊತ್ತಾಗದೆ ನನ್ನ ಜೀಪಿನಲ್ಲೇ ಉಳಿಯಿತು.

ಮರುದಿನ ಮುಂಜಾನೆ ಅವನು ಕೆರೆಯ ನೀರಿಗೆ ಇಳಿದ. ಒಬ್ಬನೇ ಇಳಿಯಬಾರದು ಅನ್ನುವುದು ಈ ಕೆಲಸದ ಮೊದಲ ನಿಯಮ, ನಮಗೆ ಎರಡನೆಯವನೇ ಇರಲಿಲ್ಲ. ಅದಕ್ಕೇ ಅವನ ಸೊಂಟಕ್ಕೆ ಹಗ್ಗ ಕಟ್ಟಿ, ತುದಿ ನಾನು ಹಿಡಿದೆ. ನಾನು ಒಮ್ಮೆ ಜಗ್ಗಿದರೆ ಅವನು ಒಮ್ಮೆ ಜಗ್ಗಬೇಕು, ಚೆನ್ನಾಗಿದ್ದೇನೆ ಎಂದರ್ಥ. ಮೊದಲಿಗೆ ಉತ್ತರ ಸರಿಯಾಗಿ ಬಂತು. ಮುಳ್ಳಿನ ಟೊಂಗೆಗಳು ಒಂದೊಂದಾಗಿ ಮೇಲೆ ಬಂದವು. ಬೀರಪ್ಪ ಬೀಡಿ ಕೂಡ ಹಚ್ಚದೆ ನೀರನ್ನೇ ನೋಡುತ್ತಿದ್ದ.

ಆಮೇಲೆ ನೀರು ಕೆಂಪಾಗಿ ರಾಡಿ ಎದ್ದಿತು. ಅದರ ನಡುವಿಂದ ಒಂದು ಫಿನ್ ಮೇಲೆ ಬಂದು ತೇಲಿತು. ಒಂದೇ ಒಂದು, ಒಳಗೆ ಕಾಲಿಲ್ಲದ್ದು.

ನಾನು ಜಗ್ಗಿದೆ. ಉತ್ತರವಿಲ್ಲ. ಮತ್ತೆ ಜಗ್ಗಿದರೆ ಹಗ್ಗ ಎಲ್ಲೋ ಸಿಕ್ಕಿಕೊಂಡಂತೆ ಗಟ್ಟಿಯಾಗಿತ್ತು. ಎಳೆದರೆ ಮುಳ್ಳಿಗೆ ಇನ್ನೂ ಬಿಗಿಯುತ್ತದೆ, ಬಿಟ್ಟರೆ ಅವನ ಸುಳಿವೇ ತಪ್ಪುತ್ತದೆ. ಟ್ಯೂಬಿನವರು ನೀರಿಗೆ ಇಳಿದು ಗುಳ್ಳೆ ಏಳುತ್ತಿರುವ ಜಾಗ ತೋರಿಸಿದರು. ಗುಳ್ಳೆ ಬರುತ್ತಿರುವವರೆಗೆ ಉಸಿರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಶಫಿ ಭಾಯ್ ಕೊಕ್ಕೆ ಹಾಕಿ ಫಿನ್ ಎಳೆದುಕೊಂಡ. ಎತ್ತಲು ಹೋದರೆ ಅವನ ಕೈಯಿಂದ ಜಾರಿತು. ಮೂಸಿ ನೋಡಿದ.

"ಸಾಬ್, ಇದಕ್ಕ ಕುಸುಬಿ ಎಣ್ಣಿ ಹತ್ತ್ಯದ್ರಿ."

ಬೀರಪ್ಪ ಎದ್ದು ನಿಂತ.

"ನಾನೇ ಹಚ್ಚೀನ್ರಿ. ಬೆರಳಿಗಿ ಕಡೀತದ ಅಂದಿದ್ದ. ಹೊಸಾ ಮೆಟ್ಟು ಎಣ್ಣಿ ಕುಡದ್ರ ಕಡಿಯಂಗಿಲ್ಲಲ್ಲ..."

ನಮ್ಮ ಕಡೆ ಹೊಸ ಚರ್ಮದ ಚಪ್ಪಲಿಗೆ ರಾತ್ರಿ ಎಣ್ಣೆ ಹಚ್ಚಿಟ್ಟು ಮುಂಜಾನೆ ಮೆಟ್ಟುತ್ತಾರೆ. ಚರ್ಮ ಎಣ್ಣೆ ಹೀರಿಕೊಂಡು ಮೆತ್ತಗಾಗುತ್ತದೆ. ರಬ್ಬರು ಹೀರುವುದಿಲ್ಲ, ಎಣ್ಣೆ ಒಳಗೆ ಜಿಡ್ಡಾಗಿ ಉಳಿದು ಕಾಲು ಜಾರುತ್ತದೆ. ಮಗ ಮಲಗಿದ ಮೇಲೆ ಆ ತಂದೆ ದೀಪದ ಬೆಳಕಲ್ಲಿ ಕೂತು, ಎರಡರ ಒಳಗೂ ಕೈ ಹಾಕಿ ತಿಕ್ಕಿದ್ದನಂತೆ. ಹಗ್ಗ ನನ್ನ ಕೈಯಲ್ಲಿ ಹಾಗೇ ಗಟ್ಟಿಯಾಗಿತ್ತು.

ಎಷ್ಟು ಹೊತ್ತಾಯಿತೋ, ಹಗ್ಗ ಒಮ್ಮೆಲೇ ಸಡಿಲಾಯಿತು. ಆ ಸಡಿಲು ಗಟ್ಟಿತನಕ್ಕಿಂತ ಹೆಚ್ಚು ಹೆದರಿಸಿತು. ಆಮೇಲೆ ಒಂದು ಜಗ್ಗು ಬಂತು, ಸಣ್ಣದು. ಮಾಳಪ್ಪ ಗೋಡೆ ತಡವರಿಸುತ್ತ ಮೇಲೆ ಬಂದ. ಒಂದು ಫಿನ್ ಕಳಚಿದ್ದಕ್ಕೆ ಮಗ್ಗುಲಿಗೆ ಬಿದ್ದು, ಹೂಳು ಎದ್ದು, ಹಗ್ಗ ಮುಳ್ಳಿಗೆ ಸುತ್ತಿತ್ತು. ಕಣ್ಣು ಕಾಣದಿದ್ದರೂ ಗಾಬರಿಯಾಗದೆ ಕೈಯಿಂದಲೇ ಬಿಡಿಸಿಕೊಂಡಿದ್ದ. ಅಂಗೈ ತುಂಬ ಮುಳ್ಳು. ಶಫಿ ಭಾಯ್ ಎಣ್ಣೆಯ ವಿಷಯ ಹೇಳಿದ. ಮಾಳಪ್ಪ ತಂದೆಯ ಕಡೆ ತಿರುಗಿದ.

"ಯಪ್ಪಾ, ಒಂದಕ್ಕ ಹಚ್ಚೀಯೋ, ಎರಡಕ್ಕೂ ಹಚ್ಚೀಯೋ?"

"ಎರಡಕ್ಕೂ ಹಚ್ಚೀನಪ್ಪ."

"ಹಂಗಾರ ಒಂದಾದ್ರೂ ನನ್ನ ಮಾತು ಕೇಳಿ ಕಾಲಾಗ ಉಳದದ ಬಿಡು."

ಮೊದಲು ನಕ್ಕವನು ಬೀರಪ್ಪ. ನಗುತ್ತಲೇ ಕಣ್ಣು ಒರೆಸಿಕೊಂಡ.

ಇವತ್ತಿಗೆ ಸಾಕು ಎಂದೆ. ಮಾಳಪ್ಪ ಕೇಳಲಿಲ್ಲ. ರಾಡಿ ಇಳಿಯಲಿ, ಇನ್ನು ಸ್ವಲ್ಪವೇ ಉಳಿದಿದೆ ಎಂದ. ಜೀಪಿನಲ್ಲಿದ್ದ ಪಟ್ಟಿಯ ಫಿನ್ಸ್ ತಂದೆವು. ಬೂಟಿಲ್ಲದೆ ಅದು ನಿಲ್ಲುವಂತಿರಲಿಲ್ಲ. ಬೀರಪ್ಪ ಹೆಗಲ ಮೇಲಿನ ಕಂಬಳಿಯ ಅಂಚನ್ನು ಕುಡುಗೋಲಿನಿಂದ ಸೀಳಿದ. ಮಗನ ಪಾದಗಳನ್ನು ಮಣ್ಣು ಹಾಕಿ ತಿಕ್ಕಿ ತೊಳೆದು, ಉಣ್ಣೆಯ ಪಟ್ಟಿಗಳನ್ನು ಹಿಮ್ಮಡಿಗೆ ಬಿಗಿಯಾಗಿ ಸುತ್ತಿದ. ಉಣ್ಣೆ ನೆನೆದು ಫಿನ್ಸ್ ಕಾಲಿಗೆ ಕಚ್ಚಿಕೊಂಡಿತು. ಈ ಸಲ ಎರಡನ್ನೂ ಒಬ್ಬೊಬ್ಬರಾಗಿ ಎಳೆದು ನೋಡಿದೆವು, ದಂಡೆಯ ಹತ್ತಿರ ಈಜಿಸಿದೆವು, ಆಮೇಲೆ ಕಳಿಸಿದೆವು. ನಾನು ಜಗ್ಗಿದಾಗಲೆಲ್ಲ ಉತ್ತರ ಬಂತು. ಹೊತ್ತು ನೆತ್ತಿಗೆ ಬರುವ ಮುಂಚೆ ಅವನು ಮೇಲೆ ಬಂದು ದೂರ ಸರಿದ. ಶಫಿ ಭಾಯ್ ಚಕ್ರಕ್ಕೆ ಕೈ ಹಾಕಿದ. ಅದು ಕಿರ್ರೆಂದು ತಿರುಗಿ, ಬಾವಿಯೊಳಗೆ ನೀರು ಬೀಳುವ ಸದ್ದು ಕೇಳಿತು.

ನಿವೃತ್ತಿಯಾಗುವ ತನಕ ಆ ದಿನದ ಪಾಠ ನನ್ನ ಜೊತೆಗಿತ್ತು. ಪರೀಕ್ಷೆ ಮಾಡಿದ ಸಾಮಾನನ್ನು ಬಳಸುವ ಗಳಿಗೆಯಲ್ಲಿ ಇನ್ನೊಮ್ಮೆ ನೋಡಬೇಕು, ನಡುವೆ ಯಾರು ಮುಟ್ಟಿದರೆಂದು ಕೇಳಬೇಕು. ಕೆಡಿಸಬೇಕೆಂದು ಮುಟ್ಟುವವರು ಕಡಿಮೆ, ಒಳ್ಳೆಯದಾಗಲಿ ಎಂದು ಮುಟ್ಟುವವರೇ ಹೆಚ್ಚು. ಆದ್ದರಿಂದ ಗದರಿಸಿ ಕೇಳಬಾರದು, ಗದರಿಸಿದರೆ ಹೇಳುವುದಿಲ್ಲ.

ಮುಂದಿನ ವಾರ ಮಾಳಪ್ಪ ಒಬ್ಬನೇ ಮುಂಬೈ ಬಸ್ ಹತ್ತಿದ. ಕಳಿಸಲು ಬೀದರಿಗೆ ಬಂದಿದ್ದ ಬೀರಪ್ಪ ನನ್ನ ಜೀಪಿನಲ್ಲೇ ವಾಪಸು ಬಂದ. ಸಂತಪುರದಲ್ಲಿ ಇಳಿದಾಗ ನಲ್ಲಿಯ ಮುಂದೆ ಕೊಡಗಳ ಸಾಲಿತ್ತು. ಸೊಸೆ ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಳು. ಮುದುಕ ಹೋಗಿ ಅವಳ ಕೈಯಿಂದ ಕೂಸನ್ನು ಎತ್ತಿಕೊಂಡ. ಅವಳ ಪಾಳಿ ಬಂತು, ಅವಳು ಕೊಡ ತುಂಬಿಕೊಂಡಳು.