ಪ್ರೋಟೀನಿನ ಅಂಗೈ

ಹತ್ತನೇ ತರಗತಿಯ ವಿಜ್ಞಾನದಲ್ಲಿ ನಾನು ಪಾಸಾದದ್ದು ಪೇಪರ್ ತಿದ್ದಿದವರ ದೊಡ್ಡ ಮನಸ್ಸಿನಿಂದ. ಆದರೂ ಆರ್‌ಎನ್‌ಎ ಹಿಡಿಯುವ ಪ್ರೋಟೀನುಗಳ ವಿಷಯ ಬಂದರೆ ನನಗೆ ಸ್ವಲ್ಪ ಜಂಬ ಬರುತ್ತದೆ. ಆ ಪಾಠ ಹೇಳಿಕೊಟ್ಟವನು ನನ್ನ ತಮ್ಮ. ಧಾರವಾಡದಲ್ಲಿ ಡಾಕ್ಟರೇಟಿಗೆಂದು ಅದರ ಮೇಲೆಯೇ ಸಂಶೋಧನೆ ಮಾಡುತ್ತಿದ್ದ. ಕಳೆದ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಹೀಗೆಂದು ಬರೆಯುವಷ್ಟು ಈಗ ಗಟ್ಟಿಯಾಗಿದ್ದೇನೆ. ಅವನ ಪಾಠ ನನಗೆ ಮರೆತುಹೋದೀತು ಎಂಬ ಹೆದರಿಕೆ ಮಾತ್ರ ಹೋಗಿಲ್ಲ.

ನನ್ನ ಕೆಲಸ ಹೂ ಕಟ್ಟುವುದು. ದಿನಾ ಇಸಳೂರಿನಿಂದ ಬಸ್ಸಿನಲ್ಲಿ ಶಿರಸಿಯ ಅಂಗಡಿಗೆ ಹೋಗುತ್ತೇನೆ. ತಮ್ಮ ರಜೆಗೆ ಬಂದಾಗ ಎದುರು ಕುಳಿತು ಹೂ ಜೋಡಿಸಿ ಕೊಡುತ್ತಿದ್ದ. ಬಾಯಿಗೆ ಮಾತ್ರ ಬಿಡುವಿಲ್ಲ. ಆರ್‌ಎನ್‌ಎ ಎಂದರೆ ಜೀವಕೋಶದೊಳಗೆ ನಾಲ್ಕೇ ಬಗೆಯ ಹೂಗಳಿಂದಾದ ಉದ್ದನೆಯ ಎಳೆಯಂತೆ. ಅದನ್ನು ಎಲ್ಲಿ ಕತ್ತರಿಸಿ ಸೇರಿಸಬೇಕು, ಅದು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಬಾಳಬೇಕು ಎಂಬುದೆಲ್ಲ ಅದನ್ನು ಹಿಡಿದುಕೊಂಡ ಪ್ರೋಟೀನುಗಳ ಕೈಯಲ್ಲಿದೆ. ಪ್ರೋಟೀನಿನಲ್ಲಿ ಹಾಗೆ ಹಿಡಿಯುವುದಕ್ಕೆಂದೇ ಮಡಚಿಕೊಂಡ ಭಾಗಕ್ಕೆ ಡೊಮೇನ್ ಎನ್ನುತ್ತಾರೆ. ಅದರಲ್ಲಿ ಹಲವು ಬಗೆ. ತಮ್ಮನಿಗೆ ಇಷ್ಟವಾದದ್ದು ಅಂಗೈಯಂಥದು: ಮುಂದೆ ನಾಲ್ಕು ಪಟ್ಟಿ ಸೇರಿದ ಚಪ್ಪಟೆ ಜಾಗ, ಹಿಂದೆ ಎರಡು ಸುರುಳಿ. ಎಳೆ ಬಂದು ಆ ಚಪ್ಪಟೆಯ ಮೇಲೆ ಮಲಗುತ್ತದೆ. ಒಂದು ಅಂಗೈ ಗುರುತು ಹಿಡಿಯುವುದು ಮೂರೋ ನಾಲ್ಕೋ ಹೂವನ್ನು, ಅದೂ ಸಡಿಲವಾಗಿ.

“ಸಡಿಲ ಹಿಡಿಯದು ಎಂತ ಕೆಲಸನೋ? ಆನಾದ್ರೆ ಅದನ್ನ ಅಂಗಡಿಯಿಂದ ಓಡಸ್ತಿದ್ದೆ,” ಎಂದೆ.

“ಒಂದೇ ಕೈ ಅಲ್ದೇ ಅಕ್ಕಾ! ಪಕ್ಕಪಕ್ಕ ಎರಡು ಮೂರು ಇರ್ತು. ಒಂದು ಬಿಟ್ರೆ ಇನ್ನೊಂದು ಹಿಡ್ಕಂಡಿರ್ತು. ಮತ್ತೆ, ನೀನು ಮಲ್ಲಿಗೆನ ಗಟ್ಟಿ ಹಿಡಿತ್ಯನೇ?”

ಹಿಡಿಯುವುದಿಲ್ಲ. ಗಟ್ಟಿ ಹಿಡಿದರೆ ಮೊಗ್ಗು ಕಂದುತ್ತದೆ. ಇಪ್ಪತ್ತು ವರ್ಷ ಹೂ ಕಟ್ಟಿದವಳು ತನ್ನ ಕೈಯ ಗುಣವನ್ನು ಪ್ರೋಟೀನಿನಿಂದ ಕೇಳಿ ತಿಳಿಯಬೇಕಾಯಿತು.

ಮೊನ್ನೆ ಬಸ್ಸಿನಲ್ಲಿ ಪಕ್ಕದ ಮನೆಯ ಸಾವಿತ್ರಕ್ಕ ಕೇಳಿದಳು, “ನಿನ್ನ ತಮ್ಮ ದೊಡ್ಡ ಡಾಕ್ಟರ್ ಆಗ್ತಿದ್ನಡ. ನನ್ನ ಮಂಡಿನೋವಿಗೆ ಎಂತಾದ್ರೂ ಬರದಿಟ್ಟಿದ್ನನೇ?”

ಇಲ್ಲವೆಂದು ಸುಮ್ಮನಾಗಬಹುದಿತ್ತು. ಆದರೆ ಸುಮ್ಮನಾದರೆ ಅವನು ‘ಎಂತದೋ ಓದ್ತಿದ್ದ’ ಹುಡುಗನಾಗಿ ಉಳಿದುಬಿಡುತ್ತಾನೆ. ಬುಟ್ಟಿಯಿಂದ ಒಂದು ಮಾಲೆ ತೆಗೆದು ಅವಳ ಅಂಗೈ ಮೇಲೆ ಮಲಗಿಸಿದೆ. ಉಳಿದ ತುದಿಗೆ ನನ್ನ ಅಂಗೈ ಒಡ್ಡಿದೆ. ಬಸ್ ಸ್ಟ್ಯಾಂಡ್ ಬರುವವರೆಗೂ ಪಾಠ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಕೂಡ ಅಲ್ಲೇ ಕಂಬಕ್ಕೆ ಒರಗಿ ನಿಂತ.

ಮರುದಿನ ನಾನು ಬಸ್ ಹತ್ತಿ ಸೀಟು ಹುಡುಕುವಷ್ಟರಲ್ಲೇ ಸಾವಿತ್ರಕ್ಕ ಹಿಂದಿನ ಸೀಟಿನ ಹೆಂಗಸರಿಗೆ ಪಾಠ ಶುರುಮಾಡಿದ್ದಳು: “ಮುಂದೆ ನಾಲ್ಕು ಪಟ್ಟಿ ಇರ್ತಡ. ಹಿಂದೆ... ಹಿಂದೆ ಎಂತದೇ ಅದು?”

“ಎರಡು ಸುರುಳಿ,” ಎಂದ ಕಂಡಕ್ಟರ್, ಟಿಕೆಟ್ ಮಷಿನ್ನಿನಿಂದ ಕಣ್ಣೆತ್ತದೆ.

“ಹಾಂ, ಸುರುಳಿ. ಮೇಲೆ ಎಂತದೋ ಬಂದು ಮಲಗ್ತು.”

“ಎಳೆ,” ಎಂದೆ ನಾನು.

“ಮಂಡಿನೋವಿಗೆ ಎಂತ ಉಪಯೋಗನೂ ಇಲ್ಲೆ. ಆದ್ರೂ ಭಾರೀ ಹುಶಾರಿ ಮಾಣಿ!” ಎಂದು ಅವಳು ಹೆಮ್ಮೆಯಿಂದ ಮುಗಿಸಿದಳು, ತನ್ನದೇ ತಮ್ಮನೇನೋ ಎಂಬಂತೆ.

ಕಿಟಕಿ ಪಕ್ಕ ಕುಳಿತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಅವಳ ಕೈಯಲ್ಲಿ ನಿಂತದ್ದು ಮೂರೋ ನಾಲ್ಕೋ ಮಾತು, ಕಂಡಕ್ಟರನ ಕೈಯಲ್ಲಿ ಎರಡು. ನನ್ನ ಕೈಯಲ್ಲಿ ಇರುವುದೂ ಅದಕ್ಕಿಂತ ಬಹಳ ಹೆಚ್ಚೇನಲ್ಲ, ಎಲ್ಲವೂ ಸಡಿಲ. ಎಳೆ ಮಾತ್ರ ಬೀಳಲಿಲ್ಲ.